ಭಾವ ರಸ್ತೆ ತಿದ್ದಿದ್ದು

ನನ್ನ ಅಕ್ಕನ ಗಂಡನಿಗೆ ಲಾರಿಯವರು ಇಟ್ಟ ಹೆಸರು ತಕ್ಕಡಿ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ನಾನಂತೂ ಭಾವ ಎಂದೇ ಕರೆಯಬೇಕು. ಗೋದಾಮುಗಳ ಸಾಲು ಮುಗಿಯುವ ಮೂಲೆಯಲ್ಲಿ ಒಂದು ವೇಬ್ರಿಡ್ಜ್ ಇದೆ. ಲಾರಿಯನ್ನು ಸರಕಿನ ಸಮೇತ ಕಬ್ಬಿಣದ ಹಾಸಿನ ಮೇಲೆ ನಿಲ್ಲಿಸಿ ತೂಗುವ ಜಾಗ ಅದು. ಅಲ್ಲಿ ಗಾಜಿನ ಕಿಟಕಿಯ ಹಿಂದೆ ಕೂತು ತೂಕದ ಚೀಟಿ ಹರಿದು ಕೊಡುವುದು ಭಾವನ ಕೆಲಸ. ಅದರ ಎದುರಿಗೇ ನನ್ನ ಪಂಕ್ಚರ್ ಅಂಗಡಿ. ಹೀಗಾಗಿ ಈ ಮನುಷ್ಯನನ್ನು ಹಗಲಿಡೀ ಕಣ್ಣಾರೆ ನೋಡಿದ್ದೇನೆ, ಸಂಬಂಧದ ದೆಸೆಯಿಂದ ಸಂಜೆಯೂ ನೋಡಬೇಕಾಗಿ ಬಂದಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಭಾವ ಕಳ್ಳರಲ್ಲ. ಡ್ರೈವರುಗಳು ಅವರ ಕೈ ಬೆಚ್ಚಗೆ ಮಾಡಲು ನೋಡಿದ್ದಾರೆ, ಕಾಲು ಹಿಡಿದಿದ್ದಾರೆ, ಕೆಲವರು ಕೊರಳಪಟ್ಟಿಗೂ ಕೈ ಹಾಕಿದ್ದಾರೆ. ಭಾವ ಜಗ್ಗಿದವರಲ್ಲ. “ನನ್ ಹತ್ರ ಏನಪ್ಪಾ ಜಗಳ? ಮಷೀನ್ ಹತ್ರ ಆಡು” ಎಂದು ಕಿಟಕಿ ಎಳೆದುಕೊಳ್ಳುತ್ತಿದ್ದರು. ಊರೆಲ್ಲ ಇದನ್ನು ಹೊಗಳುತ್ತದೆ. ನನ್ನನ್ನು ಕೇಳಿದರೆ, ಅವರು ಸ್ವಲ್ಪ ಕಳ್ಳರಾಗಿದ್ದರೆ ಚೆನ್ನಾಗಿತ್ತು. ಕಳ್ಳನಿಗೆ ಅಪರೂಪಕ್ಕಾದರೂ ಅಯ್ಯೋ ಪಾಪ ಅನ್ನಿಸುತ್ತದೆ. ತಾನು ಸರಿ ಎಂದು ಗೊತ್ತಿರುವವನಿಗೆ ಆ ಕಾಟವೂ ಇಲ್ಲ.

ಅವರ ಯಂತ್ರವನ್ನು ವರ್ಷಕ್ಕೊಮ್ಮೆ ಸರ್ಕಾರದ ಕಡೆಯವರು ಬಂದು ಪರೀಕ್ಷೆ ಮಾಡುತ್ತಾರೆ. ಕಬ್ಬಿಣದ ತೂಕದ ಕಲ್ಲುಗಳನ್ನು ಹೇರಿ ನೋಡಿ, ತಪ್ಪಿದ್ದರೆ ತಿದ್ದಿ, ಕೊನೆಗೆ ಸೀಸದ ಸೀಲು ಒತ್ತಿ ಹೋಗುತ್ತಾರೆ. ಭಾವನ ಧರ್ಮವೆಲ್ಲ ಆ ಸೀಲಿನಲ್ಲಿತ್ತು. ಸೀಲು ಬಿತ್ತೆಂದರೆ ಮುಗಿಯಿತು, ಮುಂದಿನ ಸೀಲಿನವರೆಗೆ ದೇವರೇ ಬಂದು ತೂಕ ಹೆಚ್ಚಾಯಿತು ಅಂದರೂ ಕೇಳುವವರಲ್ಲ. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನರ್ಸು ಕೂಸನ್ನು ತೂಗಿ ತೂಕ ಹೇಳಿದಾಗ, “ಈ ತಕ್ಕಡಿಗೆ ಸೀಲು ಯಾವಾಗ ಹಾಕ್ಸಿದ್ದು ಸಿಸ್ಟರ್?” ಎಂದು ಕೇಳಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ನಾವೆಲ್ಲ ನಕ್ಕೆವು.

ಆ ಕೂಸನ್ನು ನಾನು ಮಿಡತೆ ಎಂದು ಕರೆಯುತ್ತೇನೆ. ಉದ್ದುದ್ದ ಕಾಲು, ಕೂತಲ್ಲಿ ಕೂರದ ಬುದ್ಧಿ. ಅವಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಪ್ಲಾಸ್ಟಿಕ್ ಗೋದಾಮಿಗೆ ಬೆಂಕಿ ಬಿದ್ದಿತ್ತು. ಅಗ್ನಿಶಾಮಕ ದಳದ ವ್ಯಾನಿನಿಂದ ಒಬ್ಬ ಹೆಂಗಸು ಇಳಿದು, ಪೈಪು ಹೆಗಲಿಗೆ ಹಾಕಿಕೊಂಡು ಹೊಗೆಯೊಳಗೆ ನಡೆದು ಹೋದದ್ದನ್ನು ಮಿಡತೆ ನನ್ನ ಅಂಗಡಿಯ ಟೈರಿನ ರಾಶಿಯ ಮೇಲೆ ನಿಂತು ನೋಡಿದಳು. ಇಳಿದವಳೇ “ಮಾಮ, ನಾನು ಅದೇ ಆಗೋದು” ಎಂದಳು. ಮಕ್ಕಳು ದಿನಕ್ಕೊಂದು ಆಗುತ್ತಾರೆ, ಇವಳು ಮಾತ್ರ ಬೇರೇನೂ ಆಗಲು ಒಪ್ಪಲಿಲ್ಲ. ದೊಡ್ಡವಳಾದ ಮೇಲೆ ಬರೆಯುವ ಪರೀಕ್ಷೆ ಪಾಸು ಮಾಡಿದಳು, ಏಣಿ ಹತ್ತುವುದು, ಭಾರ ಹೊರುವುದು ಎಲ್ಲಾ ಆಯಿತು. ಎರಡು ವರ್ಷ ಹೋದಳು, ಎರಡು ಸಲವೂ ಓಟದಲ್ಲಿ ಮಾತ್ರ ಕೂದಲೆಳೆಯಷ್ಟರಲ್ಲಿ ತಪ್ಪಿತು. ಮೂರನೆಯದೇ ಕೊನೆಯ ಅವಕಾಶ, ಅದರ ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತಿದ್ದಳು.

ಓಟಕ್ಕೆಂದು ಭಾವನೇ ರಸ್ತೆ ಅಳೆದರು. ಆ ಕೆಲಸಕ್ಕೆ ಅವರನ್ನು ಮೆಚ್ಚಲೇಬೇಕು. ಒಂದು ರಜೆಯ ಬೆಳಿಗ್ಗೆ ಉಕ್ಕಿನ ಟೇಪಿನ ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು, ಗೋದಾಮುಗಳ ಸುತ್ತ ಕುಂಟಬಿಲ್ಲೆ ಆಡುವವರ ಹಾಗೆ ಬಗ್ಗಿ ಎದ್ದು ಬಗ್ಗಿ ಎದ್ದು ಅಳೆದೆವು. ನನ್ನ ಸೊಂಟ ಬಿತ್ತು. ವೇಬ್ರಿಡ್ಜ್ ಗೇಟಿನಿಂದ ಹೊರಟು ಮೂರು ಸುತ್ತು ಹಾಕಿ, ಗೇಟು ದಾಟಿ ಒಂದಿಷ್ಟು ಮುಂದೆ ಬಂದರೆ ಪರೀಕ್ಷೆಯ ದೂರ ಸರಿಯಾಗಿ ಮುಗಿಯುತ್ತಿತ್ತು. ಅಲ್ಲಿ ಭಾವ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದರು. ಆಮೇಲೆ, ಓಡಿದ ದೂರವನ್ನೂ ಸಮಯವನ್ನೂ ತಾನೇ ಅಳೆಯುವ ಓಟದ ವಾಚು ಬಂತು. ಕಟ್ಟಿಕೊಂಡು ಓಡುವುದು ಮಗಳು, ಓಡಿ ಬಂದ ಕೂಡಲೇ ಬಿಚ್ಚಿಸಿಕೊಂಡು ಓದುವುದು ಅಪ್ಪ. ಬಿಳಿ ಗೆರೆಗೆ ಬರುವುದಕ್ಕೂ ವಾಚು ದೂರ ಮುಗಿಯಿತೆಂದು ಕೀಂ ಅನ್ನುವುದಕ್ಕೂ ಸರಿಹೋಗುತ್ತಿತ್ತು. ಭಾವ ಆ ಸದ್ದು ಕೇಳಿದಾಗಲೆಲ್ಲ ಮೀಸೆ ತಿರುವುತ್ತಿದ್ದರು.

ಮಿಡತೆಯ ಜೊತೆ ಪಕ್ಕದ ಮನೆಯ ದರ್ಜಿಯ ಮಗಳೂ ಓಡುತ್ತಿದ್ದಳು. ಅವಳೂ ಅದೇ ಪರೀಕ್ಷೆ ಕಟ್ಟಿದ್ದಳು, ಆದರೆ ಅವಳಿಗೆ ವಾಚೂ ಇಲ್ಲ, ಚಿಂತೆಯೂ ಇಲ್ಲ. ಮಿಡತೆಯ ಹಿಮ್ಮಡಿ ನೋಡಿಕೊಂಡು ಒಂದು ದೀಪದ ಕಂಬದಷ್ಟು ಹಿಂದೆ ಬರುವುದು, ಕೊನೆಗೆ ನನ್ನ ಅಂಗಡಿಯ ಮುಂದೆ ಕುಕ್ಕರಿಸಿ “ಅಮ್ಮಾ ಸತ್ತೆ” ಅನ್ನುವುದು ಅವಳ ಅಭ್ಯಾಸ. ಬೇಸಿಗೆಯ ಹೊತ್ತಿಗೆ ಮಿಡತೆ ಪರೀಕ್ಷೆಗೆ ಬೇಕಾದ ಸಮಯಕ್ಕಿಂತ ಬೇಗ ಮುಗಿಸತೊಡಗಿದಳು. ಮನೆಯಲ್ಲಿ ನಗು ಇತ್ತು. ಅಕ್ಕ ಅವಳಿಗೆ ಕದ್ದು ಎರಡನೆಯ ಮೊಟ್ಟೆ ಕೊಡುತ್ತಿದ್ದಳು, ಭಾವ ನೋಡಿಯೂ ನೋಡದ ಹಾಗಿದ್ದರು.

ಆಗ ವಾಚಿಗೆ ಅಪ್‌ಡೇಟ್ ಬಂತು. ಅದರ ಜೊತೆಗಿದ್ದ ಟಿಪ್ಪಣಿಯನ್ನು ಭಾವ ಕನ್ನಡಕ ಏರಿಸಿ ಕಿಟಕಿಯೊಳಗಿಂದ ನನಗೆ ಓದಿ ಹೇಳಿದರು: ದೂರದ ಅಳತೆಯನ್ನು ಇನ್ನಷ್ಟು ನಿಖರಗೊಳಿಸಲಾಗಿದೆ. “ನೋಡಿದ್ಯಾ? ಹೊಸ ಸೀಲು ಬಿತ್ತು” ಎಂದರು.

ಮರುದಿನ ಬೆಳಿಗ್ಗೆ ಮಿಡತೆ ಬಿಳಿ ಗೆರೆ ದಾಟಿದಳು, ವಾಚು ಬಾಯಿ ಬಿಡಲಿಲ್ಲ. ಅವಳು ಗಾಬರಿಯಾಗಿ ಓಡುತ್ತಲೇ ಹೋದಳು. ಕೋಲ್ಡ್ ಸ್ಟೋರೇಜಿನ ಗೇಟಿನ ಹತ್ತಿರ ಕೊನೆಗೂ ಅದು ಕೀಂ ಎಂದಿತು. ಸಮಯ ಎಲ್ಲೋ ಹೋಗಿತ್ತು. ಒಂದು ವಾರ ಭಾವ ದಿನಾ ನೋಡಿದರು, ಪ್ರತಿ ಸಲವೂ ಅದೇ ಕತೆ. ಆ ಭಾನುವಾರ ಅವರು ಬ್ರಷ್ಷು, ಡಬ್ಬಿ ಹಿಡಿದು ರಸ್ತೆಗೆ ಬಂದರು. ಬಿಳಿ ಗೆರೆಯ ಮೇಲೆ ಕರಿ ಬಣ್ಣ ಬಳಿದು, ಕೋಲ್ಡ್ ಸ್ಟೋರೇಜಿನ ಗೇಟಿನ ಮುಂದೆ ಹಳದಿ ಗೆರೆ ಎಳೆದರು.

ಸೊಂಟ ಬೀಳಿಸಿಕೊಂಡವನು ನಾನು, ಸುಮ್ಮನಿರಲಾಗಲಿಲ್ಲ. “ಭಾವ, ನಾವಿಬ್ರೂ ಅಳೆದಿದ್ದಲ್ವಾ? ಟೇಪು ಸುಳ್ಳು ಹೇಳ್ತಾ?”

“ಟೇಪಿಗೆ ಸೀಲಿತ್ತೇನೋ?”

“ಇರ್ಲಿಲ್ಲ.”

“ಮತ್ತೆ? ನೀನು ತುದಿ ಸಡ್ಲ ಬಿಟ್ಟಿರ್ತೀಯ. ನಿನ್ನ ಕೆಲ್ಸಾನೇ ಗಾಳಿ ಬಿಡೋದು.”

ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ತೂಕದ ಕಲ್ಲು ಹೇರಿ ಯಂತ್ರವನ್ನು ಪರೀಕ್ಷಿಸುವುದನ್ನು ಜೀವಮಾನವೆಲ್ಲ ಪಕ್ಕದಲ್ಲೇ ನಿಂತು ನೋಡಿದ ಮನುಷ್ಯ, ಸ್ವಂತ ಮಗಳ ವಿಷಯಕ್ಕೆ ಬಂದಾಗ ಯಂತ್ರದಿಂದ ಕಲ್ಲನ್ನೇ ಪರೀಕ್ಷಿಸಿದರು. ಕಲ್ಲು ಹಗುರ ಎಂದು ತೀರ್ಮಾನಿಸಿ ಅದಕ್ಕೇ ತೇಪೆ ಹಾಕಿದರು. ಹೊಸ ಸೀಲಿನ ಮುಂದೆ ಅವರಿಗೆ ಸ್ವಂತ ಕೈಯೂ ಸುಳ್ಳಾಯಿತು.

ಅಂತರ್ಜಾಲದಲ್ಲಿ ಆ ವಾಚು ಕೊಂಡವರು ಕಷ್ಟಸುಖ ಬರೆದುಕೊಳ್ಳುವ ಜಾಗ ಒಂದಿದೆ. ಅಪ್‌ಡೇಟ್ ಆದ ಮೇಲೆ ಅಲ್ಲಿ ಗೋಳೋ ಗೋಳು. ಒಬ್ಬನಿಗೆ ಮಧ್ಯಾಹ್ನಕ್ಕೇ ಬ್ಯಾಟರಿ ಮುಗಿಯುತ್ತಿತ್ತು. ಒಬ್ಬಾಕೆ ಪಾತ್ರೆ ತೊಳೆದರೆ, ಇವತ್ತು ಚೆನ್ನಾಗಿ ಈಜಿದಿರಿ ಎಂದು ಅದು ಬೆನ್ನು ತಟ್ಟುತ್ತಿತ್ತು. ಇನ್ನೊಬ್ಬ ತನ್ನ ಮಾವನ ಶವದ ಪಕ್ಕ ಕೂತಿದ್ದಾಗ, ಬಹಳ ಹೊತ್ತು ಕೂತಿದ್ದೀರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಎಂದು ಕಂಪಿಸಿತಂತೆ. ಇವೆಲ್ಲದರ ನಡುವೆ ಹಲವರು ಒಂದೇ ಮಾತು ಬರೆದಿದ್ದರು: ವಾಚಿನ ಲೆಕ್ಕದಲ್ಲಿ ನಮ್ಮ ರಸ್ತೆ ಗಿಡ್ಡವಾಗಿದೆ.

ಭಾವನಿಗೆ ಇದು ಹಬ್ಬವಾಯಿತು. ಲಾರಿ ಇಲ್ಲದ ಹೊತ್ತಿನಲ್ಲೆಲ್ಲ ಕಿಟಕಿಯ ಹಿಂದೆ ಕೂತು ಒಬ್ಬೊಬ್ಬರಿಗೂ ಉತ್ತರ ಬರೆದರು. ನಾನು ಓಡುವುದು ಅಳತೆ ಮಾಡಿದ ಮೈದಾನದಲ್ಲಿ ಎಂದು ಒಬ್ಬ ಗೋಗರೆದರೆ, ಅಳೆದವರು ಆ ದಿನ ಕುಡಿದಿದ್ದರೇ ವಿಚಾರಿಸಿ ಎಂದು ಬರೆದರು. ಓಟ ನಿಧಾನವಾಗಿದೆ ಎಂದು ಅತ್ತವನಿಗೆ, ವಾಚಿಗೆ ಬೈಯುವ ಮೊದಲು ಹೊಟ್ಟೆ ಮುಟ್ಟಿ ನೋಡಿಕೊಳ್ಳಿ ಎಂದು ಬರೆದರು. ಅದನ್ನು ನನಗೆ ಗಟ್ಟಿಯಾಗಿ ಓದಿ ತಾವೇ ನಗುತ್ತಿದ್ದರು. ಕಂಪನಿಯವರು ಖುಷಿಯಾಗಿ ಅವರ ಹೆಸರಿನ ಪಕ್ಕ ಒಂದು ನಕ್ಷತ್ರ ಅಂಟಿಸಿದರು. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ಇದಕ್ಕೇ ಇರಬೇಕು.

ಮಾರಿ ಮನೆಗೆ ಹೇಗೆ ಬಂತೆಂದು ಹೇಳುತ್ತೇನೆ. ಮೊದಲು ಎರಡನೆಯ ಮೊಟ್ಟೆ ಹೋಯಿತು, ಆಮೇಲೆ ಮೊದಲನೆಯದೂ ಹೋಯಿತು. ರಾತ್ರಿಯ ಊಟ ಅರ್ಧಕ್ಕೆ ಇಳಿಯಿತು. ಹಳದಿ ಗೆರೆಯ ಹತ್ತಿರ ನಿಂತು ಮಗಳ ಕೈಯಿಂದ ವಾಚು ಬಿಚ್ಚಿಕೊಂಡು, ಅವಳ ಮುಖ ನೋಡದೆ ಅದರ ಮುಖ ನೋಡಿ, “ಓವರ್‌ಲೋಡು” ಎಂದು ಅವಳ ಕೈಗೇ ವಾಪಸು ಹಾಕುತ್ತಿದ್ದರು. ಡ್ರೈವರುಗಳು ಕೇಳಿಸಿಕೊಂಡು ಹಲ್ಲು ಕಿರಿಯುತ್ತಿದ್ದರು. ಮಿಡತೆಯ ಕೆನ್ನೆ ಒಳಕ್ಕೆ ಹೋಯಿತು, ಮೊಣಕಾಲ ಚಿಪ್ಪು ಎದ್ದು ಕಂಡಿತು. ಆದರೂ ದಿನದಿಂದ ದಿನಕ್ಕೆ ಗೆರೆಯ ಹತ್ತಿರ ಹತ್ತಿರ ಬರುತ್ತಿದ್ದಳು. ಇದ್ದ ದೂರಕ್ಕಿಂತ ಹೆಚ್ಚಿನ ದೂರವನ್ನು, ಅರೆಹೊಟ್ಟೆಯಲ್ಲಿ, ಅಷ್ಟೇ ಸಮಯದೊಳಗೆ ಓಡಲು ಹೆಣಗುತ್ತಿದ್ದೇನೆಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಅಕ್ಕ ಒಂದು ದಿನ ತಡೆಯಲಾರದೆ, “ರೀ, ಒಂದ್ಸಲ ಮಗು ಮುಖ ನೋಡ್ರೀ. ಅದೇನು ಲಾರಿನಾ?” ಎಂದಳು.

“ಲಾರಿಯಾಗಿದ್ರೆ ಒಳ್ಳೇದಿತ್ತು. ಲಾರಿ ಅಳಲ್ಲ” ಎಂದರು ಭಾವ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಓಟದ ಪರೀಕ್ಷೆಗೆ ಇನ್ನೇನು ವಾರ ಇದೆ ಎನ್ನುವಾಗ ಭಾವ ಒಂದು ಷರತ್ತು ಹಾಕಿದರು. ಭಾನುವಾರ ಬೆಳಿಗ್ಗೆ ಕೊನೆಯ ಓಟ. ಹಳದಿ ಗೆರೆಯನ್ನು ಸಮಯದೊಳಗೆ ಮುಟ್ಟಿದರೆ ಪರೀಕ್ಷೆಗೆ ಹೋಗಬಹುದು, ಇಲ್ಲದಿದ್ದರೆ ಇಲ್ಲ.

ಅವತ್ತು ಅವಳು ಓಡಿದ ಹಾಗೆ ಯಾರೂ ಓಡಿದ್ದನ್ನು ನಾನು ನೋಡಿಲ್ಲ. ಮೂರನೆಯ ಸುತ್ತಿಗೆ ಕತ್ತಿನ ನರ ಹಗ್ಗದ ಹಾಗೆ ಬಿಗಿದಿತ್ತು. ನನ್ನ ಅಂಗಡಿಯ ಮುಂದೆ ಹಾದಾಗ ಅವಳ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಕರಿ ಬಣ್ಣ ಬಳಿದ ಹಳೆಯ ಗೆರೆಯನ್ನು ಅವಳು ಎಷ್ಟು ಬೇಗ ದಾಟಿದಳೆಂದರೆ, ಅಲ್ಲಿಗೇ ಲೆಕ್ಕ ಮುಗಿದಿದ್ದರೆ ದಳದವರು ಅವಳನ್ನು ಹೆಗಲ ಮೇಲೆ ಹೊತ್ತು ಹೋಗಬೇಕಿತ್ತು. ಆದರೆ ರಸ್ತೆ ಇನ್ನೂ ಇತ್ತು. ಹಳದಿ ಗೆರೆ ಮುಟ್ಟಿ, ಮಂಡಿಯೂರಿ, ಗೇಟಿನ ಪಕ್ಕದ ಚರಂಡಿಗೆ ವಾಂತಿ ಮಾಡಿಕೊಂಡಳು. ಹೊಟ್ಟೆಯಲ್ಲಿ ಏನಾದರೂ ಇದ್ದರಲ್ಲವೇ ಬರುವುದು, ಬರೀ ನೀರು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ತಡವಾಗಿತ್ತು. ದರ್ಜಿಯ ಮಗಳು ಎಂದಿನಂತೆ ಒಂದು ಕಂಬ ಹಿಂದೆ ಬಂದು, ಗೆರೆ ಮುಟ್ಟದೆಯೇ ನನ್ನ ಅಂಗಡಿಯ ಮುಂದೆ ಕೂತುಬಿಟ್ಟಳು.

ಭಾವ ವಾಚು ನೋಡಿದರು. “ತಪ್ತು.”

“ಅಪ್ಪ, ಇಷ್ಟೇ ಇಷ್ಟು ಅಲ್ವಾ” ಎಂದಳು ಮಿಡತೆ, ಬಾಯಿ ಒರೆಸಿಕೊಳ್ಳುತ್ತ.

“ಇಷ್ಟೇ ಇಷ್ಟು ಹೆಚ್ಚಾದ ಲಾರೀನೂ ನಾನು ವಾಪಸ್ ಕಳಿಸ್ತೀನಿ. ಮಗಳು ಅಂತ ನಿನ್ನ ಬಿಡಕ್ಕಾಗುತ್ತಾ?”

“ಸುಮ್ನೆ ಹೋಗಿ ನೋಡ್ತೀನಪ್ಪ. ಸೋತ್ರೆ ಸೋತೆ.”

“ಎರಡ್ ಸಲ ಎಲ್ಲರೆದುರು ಸೋತಿದ್ದು ಸಾಕಾಗಿಲ್ವಾ? ಸೋಲ್ತೀನಿ ಅಂತ ಗೊತ್ತಿದ್ದೂ ಹೋಗೋರಿಗೆ ಏನಂತಾರೆ, ಹೇಳು?”

 ಭಾವ ಕಾಯುತ್ತ ನಿಂತರು, ಅವಳ ಬಾಯಿಂದಲೇ ಬರಬೇಕೆಂದು. ಕೊನೆಗೆ ಅವಳು “ದಡ್ಡರು” ಎಂದಳು.

“ಶೂ ಬಿಚ್ಚು.”

ಬಿಚ್ಚಿದಳು. ಭಾವ ಅದನ್ನು ಲೇಸು ಹಿಡಿದು ತೂಗಾಡಿಸಿಕೊಂಡು ರಸ್ತೆ ದಾಟಿ ಬಂದು ದರ್ಜಿಯ ಮಗಳ ಮುಂದೆ ಇಟ್ಟರು. “ತಗೋಮ್ಮ. ಇನ್ನು ಇವಳಿಗೆ ಬೇಡ” ಎಂದರು. ಆ ಹುಡುಗಿ ಮಿಡತೆಯ ಮುಖ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು. ಮಿಡತೆಯೇ ಬರಿಗಾಲಲ್ಲಿ ಬಂದು, “ತಗೊಳ್ಳೇ, ಹೊಸಾದೇ ಇದೆ. ಮುಂದೆ ಸ್ವಲ್ಪ ಹತ್ತಿ ತುರುಕ್ಕೋ” ಎಂದಳು.

ಬೆಳೆದ ಹುಡುಗಿ, ಯಾಕೆ ಅಪ್ಪನ ಮಾತಿಗೆ ತಲೆಬಾಗಿದಳು, ಎದ್ದು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅಪ್ಪ ಹೇಳಿದ್ದನ್ನು ಎಷ್ಟೋ ಮಕ್ಕಳು ಮೀರುತ್ತಾರೆ. ಇವಳ ಕೈಗೇ ಕಟ್ಟಿದ್ದ ವಾಚು ದಿನಾ ಬೆಳಿಗ್ಗೆ, ನಿನ್ನ ಕೈಲಾಗುವುದಿಲ್ಲ ಎಂದು ತೋರಿಸುತ್ತಿತ್ತಲ್ಲ, ಅದನ್ನು ಹೇಗೆ ಮೀರುವುದು? “ಮಾಮ, ಅಪ್ಪ ಬೈದಿದ್ದಕ್ಕಲ್ಲ. ನನಗೇ ಗೊತ್ತಾಯ್ತು” ಎಂದಳು. ಪರೀಕ್ಷೆಯ ದಿನ ಅವಳು ಮನೆಯಲ್ಲಿ ಪರದೆ ಒಗೆದಳು.

ದರ್ಜಿಯ ಮಗಳು ಹೋಗಿ ಬಂದಳು. ಸಂಜೆ ನನ್ನ ಅಂಗಡಿಯ ಮುಂದೆ ಆಟೋ ನಿಲ್ಲಿಸಿ, ಇಳಿಯುವ ಮೊದಲೇ ಕಿರುಚಿದಳು. ಪಾಸಾಗಿದ್ದಳು! ಅದೂ ಸಮಯ ಉಳಿಸಿ. ಕೊನೆಯ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ನಡೆದಿದ್ದರೂ ಸಾಕಾಗುತ್ತಿತ್ತಂತೆ. ನಾನು ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಗೆ ಬಿಟ್ಟು ಭಾವನ ಕಿಟಕಿ ನೋಡಿದೆ. ಮಿಡತೆಗಿಂತ ಒಂದು ಕಂಬ ಹಿಂದೆ ಓಡುವವಳು ಅಷ್ಟು ಸಲೀಸಾಗಿ ಪಾಸಾದರೆ ಮಿಡತೆ ಏನಾಗುತ್ತಿದ್ದಳು? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಭಾವನಿಗೆ ಕನ್ನಡಿಯೂ ಸಾಲಲಿಲ್ಲ. “ಅಲ್ಲಿ ಮೈದಾನ ಗಿಡ್ಡ ಇರುತ್ತೆ ಕಣೋ. ಕಣ್ಣಂದಾಜಲ್ಲಿ ಸುಣ್ಣ ಹಾಕಿರ್ತಾರೆ” ಎಂದು ಕಿಟಕಿ ಎಳೆದುಕೊಂಡರು. ಮಿಡತೆ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದಳು. ದಪ್ಪ ಕೋಟು ಹಾಕಿಕೊಂಡು ಬೆಳಿಗ್ಗೆ ಹೋಗುವಾಗ ನನ್ನತ್ತ ಕೈ ಬೀಸುತ್ತಿದ್ದಳು, ಓಡುತ್ತಿರಲಿಲ್ಲ. ಅವಳ ಹುಟ್ಟುಹಬ್ಬ ಬಂತು, ವಯಸ್ಸಿನ ಮಿತಿ ದಾಟಿತು.

ಅದಾದ ಮೇಲೆ ಒಂದು ಮಧ್ಯಾಹ್ನ, ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದರೂ ಕಿಟಕಿಯ ಹಿಂದೆ ಭಾವ ಇರಲಿಲ್ಲ. ನೋಡಿದರೆ ಆ ಉರಿಬಿಸಿಲಲ್ಲಿ ಗೋದಾಮಿನ ಸುತ್ತ ನಡೆಯುತ್ತಿದ್ದಾರೆ, ಮಗಳ ವಾಚು ತಮ್ಮ ಕೈಗೆ ಕಟ್ಟಿಕೊಂಡು. ಮೂರು ಸುತ್ತು ಹಾಕಿದರು. ಕೊನೆಗೆ ಬಂದು ನನ್ನ ಅಂಗಡಿಯ ಒಂದು ಟೈರಿನ ಮೇಲೆ ಕೂತರು. ಮುಖ ಬೂದಿಯಾಗಿತ್ತು.

“ಇನ್ನೊಂದು ಅಪ್‌ಡೇಟ್ ಬಂತು ಕಣೋ” ಎಂದರು. “ತಿರುವುಗಳಲ್ಲಿ ದೂರ ಕಮ್ಮಿ ತೋರಿಸ್ತಿತ್ತಂತೆ. ಸರಿ ಮಾಡಿದ್ದಾರಂತೆ.”

ಗೋದಾಮಿನ ರಸ್ತೆಗೆ ನಾಲ್ಕು ಮೂಲೆ. ಮೂರು ಸುತ್ತು. ಹನ್ನೆರಡು ತಿರುವು. ಹೊಸ ಸೀಲು ಹಳೆಯ ಗೆರೆಯನ್ನೇ ಸರಿ ಎಂದಿತ್ತು. ಈ ಮನುಷ್ಯ ಈಗ ಅಳುತ್ತಾರೆ ಎಂದುಕೊಂಡೆ. ಅತ್ತಿದ್ದರೆ, ಮಾಡಿದ್ದನ್ನೆಲ್ಲ ಮರೆತು ಬೆನ್ನು ಸವರುತ್ತಿದ್ದೆನೋ ಏನೋ.

“ಅವಳಿಗೆ ಹೇಳಿ ಭಾವ” ಎಂದೆ.

“ಹೇಳಿ?”

“ಹೇಳಿ ಕಾಲು ಹಿಡೀರಿ. ಅವಳ ಕೈಲಿ ಆಗ್ತಿತ್ತು ಅನ್ನೋದಾದ್ರೂ ಗೊತ್ತಾಗ್ಲಿ.”

ಭಾವ ಬಹಳ ಹೊತ್ತು ಅಳೆದೂ ಸುರಿದೂ ನೋಡಿದರು. ಆಮೇಲೆ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. “ಮಿಂಚಿ ಹೋದ ಕೆಲಸ. ಈಗ, ಕೈಲಾಗ್ಲಿಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದಾಳೆ. ಅದನ್ನ ಯಾಕೆ ಕೆಡಿಸ್ಬೇಕು? ನೀನೂ ಬಾಯಿ ಹಾಕ್ಬೇಡ. ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ” ಎಂದು ರಸ್ತೆ ದಾಟಿ ಹೋದರು. ಸಾಲಿನಲ್ಲಿದ್ದ ಮೊದಲನೆಯ ಲಾರಿಯವನಿಗೆ, ಹಾರನ್ ಯಾಕೆ ಹೊಡೀತೀಯ, ಮನುಷ್ಯರಿಗೆ ಉಸಿರು ಬಿಡಕ್ಕೂ ಬಿಡಲ್ವಾ ಎಂದು ಬೈಯುವುದು ಕೇಳಿಸಿತು.

ಅದೇ ವಾರ ದರ್ಜಿಯ ಮಗಳು ತರಬೇತಿಗೆ ಹೊರಟಳು. ಹೊಸ ಸಮವಸ್ತ್ರ ಹಾಕಿಕೊಂಡು, ಕೇಕಿನ ಡಬ್ಬಿ ಹಿಡಿದು ಅಕ್ಕನ ಮನೆಗೆ ಬಂದಾಗ ನಾನೂ ಊಟಕ್ಕೆ ಹೋಗಿದ್ದೆ. ಮಿಡತೆ ಅವಳ ಬೆಲ್ಟು ಸರಿ ಮಾಡಿದಳು, ಟೋಪಿ ತನ್ನ ತಲೆಗೆ ಹಾಕಿ ನೋಡಿಕೊಂಡು ವಾಪಸು ಕೊಟ್ಟಳು, ಬೀದಿಯ ತಿರುವಿನವರೆಗೆ ಹೋಗಿ ಬಿಟ್ಟು ಬಂದಳು. ಬಂದು ನಮಗೆಲ್ಲ ಬಡಿಸತೊಡಗಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಒಂದು ತಿಳಿ ಇತ್ತು.

“ಅಪ್ಪ, ಒಂದು ಮಾತು ಹೇಳ್ಬೇಕಿತ್ತು” ಎಂದಳು, ಸೌಟು ಕೈಯಲ್ಲೇ ಹಿಡಿದು. “ಅವತ್ತು ನೀವು ಶೂ ಕಿತ್ಕೊಂಡಾಗ ತುಂಬಾ ಕೋಪ ಬಂದಿತ್ತು. ನೀವು ಸತ್ತೋಗ್ಲಿ ಅಂತಾನೂ ಅಂದ್ಕೊಂಡೆ. ಈಗ ಅರ್ಥ ಆಗ್ತಿದೆ. ಮೂರನೇ ಸಲಾನೂ ಎಲ್ಲರೆದುರು ಬಿದ್ದಿದ್ರೆ ನಾನು ಏನಾದ್ರೂ ಮಾಡ್ಕೊಂಬಿಡ್ತಿದ್ದೆ. ನೀವು ತಡೆದ್ರಿ. ಬೈದಿದ್ದೆಲ್ಲ ನನ್ನ ಉಳಿಸಕ್ಕೇ ಅಂತ ಗೊತ್ತಾಯ್ತು.”

ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು, ಆ ಹುಡುಗಿಯ ಮುಖ ನೋಡಿ ಅಲ್ಲೇ ನಿಂತಿತು. ನಾನು ಭಾವನನ್ನೇ ನೋಡಿದೆ. ಅವರು ತಟ್ಟೆಯಿಂದ ತಲೆ ಎತ್ತಿದರು, ನನ್ನನ್ನು ನೋಡಲಿಲ್ಲ. ಎಡಗೈಯನ್ನು ಮಗಳ ತಲೆಯ ಮೇಲೆ ಇಟ್ಟರು.

“ಹೆತ್ತ ತಂದೆ ಅಷ್ಟೂ ಮಾಡದಿದ್ರೆ ಹೇಗಮ್ಮ” ಎಂದರು.

ಮಿಡತೆ ನಕ್ಕು, ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅವರು ಸಾಕು ಎನ್ನಲಿಲ್ಲ, ಕಲಸಿಕೊಂಡು ಉಂಡರು.